ಕಾಷ್ಠಮದ್ಯಸಾರವೂ ದೃಷ್ಟಿನಾಶವೂ: ಒಂದು ವಿಷನಿರ್ಣಯದ ಚರಿತ್ರೆ

೧. ಪೀಠಿಕೆ

ಆಯುರ್ವೇದದ ಎಂಟು ಅಂಗಗಳಲ್ಲಿ ವಿಷಗಳನ್ನು ವಿಚಾರಮಾಡುವ ಅಗದತಂತ್ರವು ಒಂದು. ಕಣ್ಣು ಮೊದಲಾದ ಊರ್ಧ್ವಾಂಗಗಳ ರೋಗಗಳನ್ನು ವಿಚಾರಮಾಡುವ ಶಾಲಾಕ್ಯತಂತ್ರವು ಮತ್ತೊಂದು. ಇವು ಬೇರೆಬೇರೆ ಅಂಗಗಳಾದರೂ ವಿಷಕ್ಕೂ ಕಣ್ಣಿಗೂ ಸಂಬಂಧವುಂಟೆಂಬುದನ್ನು ಪ್ರಾಚೀನರು ಗಮನಿಸದೆ ಇರಲಿಲ್ಲ. ವಿಷ ಬೆರೆತ ಅನ್ನದಿಂದ ಮೇಲೇಳುವ ಆವಿಯು ಸೋಕಿದ ಮಾತ್ರದಿಂದಲೇ ಎದೆಯಲ್ಲಿ ಪೀಡೆಯೂ ತಲೆನೋವೂ ಕಣ್ಣುಗಳ ಭ್ರಮಣವೂ ಉಂಟಾಗುವುವೆಂದು ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಹೇಳಿದೆ. ಅದೇ ಗ್ರಂಥದ ಉತ್ತರತಂತ್ರದಲ್ಲಿ ೭೬ ನೇತ್ರರೋಗಗಳನ್ನು ಎಣಿಸುವಾಗ, ನೋಟವು ಸಂಪೂರ್ಣವಾಗಿ ಹೋಗಿದ್ದರೂ ಕಣ್ಣು ಮಾತ್ರ ಹೊರಗಿನಿಂದ ನಿರ್ಮಲವಾಗಿ ತೋರುವ ಒಂದು ಬಗೆಯ ಲಿಂಗನಾಶವೂ ಉಕ್ತವಾಗಿದೆ.

ಈ ವಚನಗಳನ್ನು ಹಿಡಿದು ಇಂದಿನ ರಸಾಯನದ್ರವ್ಯಗಳೆಲ್ಲವೂ ಪ್ರಾಚೀನರಿಗೆ ತಿಳಿದಿದ್ದುವೆಂದು ಸಾಧಿಸಹೊರಡುವುದು ಯುಕ್ತವಲ್ಲ. ಪ್ರಕೃತ ವಿಚಾರಕ್ಕೆ ವಿಷಯವಾದ ಕಾಷ್ಠಮದ್ಯಸಾರವು, ಎಂದರೆ ಮೀಥೈಲ್ ಆಲ್ಕೊಹಾಲ್ ಎಂಬ ದ್ರವವು, ಆ ಸಂಹಿತೆಗಳಲ್ಲಿ ಎಲ್ಲಿಯೂ ಕಾಣಬರುವುದಿಲ್ಲ. ಆದರೆ ಹೊರಗೆ ನಿರ್ಮಲವಾಗಿದ್ದು ಒಳಗೆ ಕುರುಡಾದ ಕಣ್ಣು ಈ ವಿಷದ ಮುಖ್ಯಲಕ್ಷಣವಾಗಿದೆ. ಇದನ್ನು ಕುಡಿದು ಬದುಕಿ ಉಳಿದವನ ಕಣ್ಣಿನಲ್ಲಿ ಹೂವಿಲ್ಲ, ಪೊರೆಯಿಲ್ಲ, ಗಾಯವಿಲ್ಲ. ಆದರೂ ಅವನಿಗೆ ಹಗಲೂ ಇರುಳೂ ಒಂದೇ ಆಗಿರುತ್ತದೆ. ಈ ಅಂಧತ್ವಕ್ಕೆ ನಿಜವಾದ ಕಾರಣವೇನೆಂಬುದನ್ನು ನಿರ್ಣಯಿಸಲು ಪಾಶ್ಚಾತ್ಯ ವೈದ್ಯವಿದ್ವಾಂಸರಿಗೆ ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಆ ನಿರ್ಣಯದ ಕ್ರಮವನ್ನೂ, ಅದು ತಡವಾದುದಕ್ಕೆ ಕಾರಣಗಳನ್ನೂ, ನಿರ್ಣಯವಾದ ಮೇಲೆಯೂ ಅನರ್ಥವು ನಿಲ್ಲದಿರುವುದನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸಿದೆ.

೨. ಉತ್ಪತ್ತಿ ಮತ್ತು ನಾಮಧೇಯ

ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಕಾಯಿಸಿದರೆ ಅದು ಉರಿಯದೆ ಇದ್ದಿಲಾಗುತ್ತದೆ. ಹೊರಡುವ ಹೊಗೆಯನ್ನು ತಣಿಸಿದರೆ ಕೀಲೆಣ್ಣೆ, ಹುಳಿನೀರು, ಇವುಗಳೊಡನೆ ಹಗುರವಾದ ಒಂದು ದ್ರವವೂ ದೊರೆಯುತ್ತದೆ. ಆಂಗ್ಲದೇಶದಲ್ಲಿದ್ದ ರಾಬರ್ಟ್ ಬಾಯ್ಲನು ೧೬೬೧ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ರಸಾಯನಗ್ರಂಥದಲ್ಲಿ, ಬಾಕ್ಸ್ ಎಂಬ ಗಟ್ಟಿಮರವನ್ನು ಭಟ್ಟಿಯಿಳಿಸಿ ಈ ದ್ರವವನ್ನು ಬೇರ್ಪಡಿಸಿದುದನ್ನು ತಿಳಿಸಿರುವನು. ೧೮೩೪ರಲ್ಲಿ ಫ್ರಾನ್ಸಿನ ಜೀನ್ ಬಾಪ್ಟಿಸ್ಟ್ ದ್ಯುಮಾ ಮತ್ತು ಯೂಜೀನ್ ಪೆಲಿಗೊ ಎಂಬಿಬ್ಬರು ಇದರ ಘಟನೆಯನ್ನು ನಿಶ್ಚಯಿಸಿ, ದ್ರಾಕ್ಷಿ ಧಾನ್ಯಾದಿಗಳಿಂದ ಬರುವ ಸಾಮಾನ್ಯ ಮದ್ಯಸಾರಕ್ಕೆ ಇದು ಸೋದರವೆಂದು ತೋರಿಸಿದರು. ಸಾಮಾನ್ಯ ಮದ್ಯಸಾರದ ಅಣುವಿನಲ್ಲಿ ಇಂಗಾಲದ ಪರಮಾಣುಗಳು ಎರಡು, ಇದರಲ್ಲಿ ಒಂದೇ. ಬಣ್ಣ, ತೆಳುವು, ಉರಿಯುವ ಗುಣ ಇವುಗಳಲ್ಲಿ ಎರಡಕ್ಕೂ ಹೆಚ್ಚಿನ ಭೇದವಿಲ್ಲ.

ಇದರ ಹೆಸರೂ ವಿಚಾರಾರ್ಹವಾಗಿದೆ. ದ್ಯುಮಾ ಮತ್ತು ಪೆಲಿಗೊ ಎಂಬವರು ಗ್ರೀಕ್ ಭಾಷೆಯ ‘ಮೆಥು’ ಮತ್ತು ‘ಹ್ಯೂಲೆ’ ಎಂಬ ಎರಡು ಶಬ್ದಗಳನ್ನು ಕೂಡಿಸಿ ‘ಮೀಥಿಲೀನ್’ ಎಂಬ ಪದವನ್ನು ಕಲ್ಪಿಸಿದರು. ಇವುಗಳಲ್ಲಿ ಎರಡನೆಯದಕ್ಕೆ ಕಟ್ಟಿಗೆಯೆಂದೂ ಮೊದಲನೆಯದಕ್ಕೆ ಮದ್ಯವೆಂದೂ ಅರ್ಥ. ‘ಮೆಥು’ ಶಬ್ದವು ಸಂಸ್ಕೃತದ ‘ಮಧು’ ಶಬ್ದಕ್ಕೆ ಸಜಾತೀಯವೆಂಬುದು ಭಾಷಾಶಾಸ್ತ್ರಜ್ಞರಿಗೆ ಸಮ್ಮತವಾದುದು. ಹೀಗೆ ಈ ವಿಷವು ತನ್ನ ಹೆಸರಿನಲ್ಲಿಯೇ ಮಧುವನ್ನು ಹೊತ್ತುಕೊಂಡು ಬಂದಿತು. ಮುಂದೆ ಉಂಟಾದ ಅನರ್ಥಕ್ಕೆ ಈ ನಾಮರೂಪಸಾಮ್ಯವೇ ಬೀಜವಾಯಿತೆಂದರೆ ಅತ್ಯುಕ್ತಿಯಾಗಲಾರದು.

ಅರಗಿನ ಮೆರುಗೆಣ್ಣೆ, ಬಣ್ಣ, ಟೋಪಿಗಳ ತಯಾರಿಕೆ ಮೊದಲಾದ ಉದ್ಯಮಗಳಿಗೆ ಮದ್ಯಸಾರವು ಅತ್ಯಾವಶ್ಯಕ. ಆದರೆ ಕುಡಿಯುವ ಮದ್ಯಕ್ಕೆ ವಿಧಿಸಿದ ಸುಂಕವು ಉದ್ಯಮಗಳಿಗೆ ಭಾರವಾಗುತ್ತಿದ್ದುದರಿಂದ, ಬ್ರಿಟಿಷ್ ಸರ್ಕಾರವು ೧೮೫೫ರಲ್ಲಿ ಒಂದು ಉಪಾಯವನ್ನು ಕಂಡುಹಿಡಿಯಿತು. ಒಂಬತ್ತು ಪಾಲು ಮದ್ಯಸಾರಕ್ಕೆ ಒಂದು ಪಾಲು ಕಟ್ಟಿಗೆಯ ಸಾರವನ್ನು ಬೆರೆಸಿದರೆ ಅದು ಕುಡಿಯಲಶಕ್ಯವಾಗುವುದೆಂದೂ ಅಂಥ ಮಿಶ್ರಣಕ್ಕೆ ಸುಂಕವಿಲ್ಲವೆಂದೂ ಶಾಸನವಾಯಿತು. ಆ ಕಾಲದ ಕಾಷ್ಠಸಾರಕ್ಕೆ ಸಹಿಸಲಾರದ ದುರ್ಗಂಧವಿದ್ದಿತು. ಜನರನ್ನು ಕಾಪಾಡುತ್ತಿದ್ದುದು ಆ ದುರ್ಗಂಧವೇ.

೩. ದುರ್ಗಂಧವು ಹೋದ ಬಳಿಕ

ಅಮೆರಿಕಾ ಸಂಯುಕ್ತಸಂಸ್ಥಾನಗಳಲ್ಲಿ ಅಂತರ್ಯುದ್ಧದ ಕಾಲದಿಂದಲೂ ಮದ್ಯಸಾರಕ್ಕೆ ಬಲವಾದ ತೆರಿಗೆಯಿದ್ದಿತು. ಉದ್ಯಮಗಳಿಗೆ ಸುಂಕವಿಲ್ಲದೆ ಅದನ್ನು ಒದಗಿಸುವ ಶಾಸನವು ೧೯೦೬ರವರೆಗೂ ಅಲ್ಲಿ ಬರಲಿಲ್ಲ. ಆದಕಾರಣ ತೆರಿಗೆಯಿಲ್ಲದ ಕಾಷ್ಠಸಾರವೇ ಅಗ್ಗವಾಯಿತು. ೧೮೯೦ರ ದಶಕದಲ್ಲಿ ಅದನ್ನು ಶೋಧಿಸಿ ದುರ್ಗಂಧವನ್ನು ನಿವಾರಿಸುವ ವಿಧಾನವು ಬಳಕೆಗೆ ಬಂದಿತು. ಹೀಗೆ ಶುದ್ಧವಾದ ಸಾರವು ‘ಕೊಲಂಬಿಯನ್ ಸ್ಪಿರಿಟ್’ ಮೊದಲಾದ ಮನೋಹರ ನಾಮಗಳಿಂದ ಅಂಗಡಿಗಳಲ್ಲಿ ಮಾರಾಟವಾಯಿತು. ಸುಗಂಧಸತ್ತ್ವಗಳು, ಶುಂಠಿಯ ಸಾರ, ಮೈಗೆ ಹಚ್ಚುವ ಔಷಧಗಳು, ಅಗ್ಗದ ಪಾನೀಯಗಳು ಇವುಗಳಲ್ಲಿ ಅದು ಸೇರಿತು. ಇದಾದ ಕೆಲವು ವರ್ಷಗಳಲ್ಲಿಯೇ, ಒಂದೆರಡು ದಿನಗಳಲ್ಲಿ ಎರಡು ಕಣ್ಣುಗಳೂ ಒಟ್ಟಿಗೆ ಕುರುಡಾದ ರೋಗಿಗಳು ನೇತ್ರವೈದ್ಯರ ಬಳಿಗೆ ಬರತೊಡಗಿದರು.

ಷಿಕಾಗೊ ನಗರದ ಕೇಸಿ ವುಡ್ ಮತ್ತು ಮಾಂಟ್ರಿಯಲ್ ನಗರದ ಫ್ರಾಂಕ್ ಬುಲ್ಲರ್ ಎಂಬ ಇಬ್ಬರು ನೇತ್ರವೈದ್ಯರು ಇಂಥ ಸಂಗತಿಗಳನ್ನು ಎಲ್ಲೆಡೆಗಳಿಂದಲೂ ಸಂಗ್ರಹಿಸಿ ೧೯೦೪ರಲ್ಲಿ ಅಮೆರಿಕಾದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರಣ ಅಥವಾ ಅಂಧತ್ವವುಂಟಾದ ಇನ್ನೂರಕ್ಕೂ ಮಿಕ್ಕ ದೃಷ್ಟಾಂತಗಳು ಅದರಲ್ಲಿದ್ದುವು. ಪಾನಮಾಡಿದವರು ಮಾತ್ರವೇ ಅಲ್ಲದೆ, ಅದರ ಆವಿಯನ್ನು ಉಸಿರಾಡಿದವರೂ ಈ ವಿಪತ್ತಿಗೆ ಈಡಾಗುತ್ತಿದ್ದರು. ಬಿಯರ್ ಎಂಬ ಪಾನೀಯದ ದೊಡ್ಡ ಮರದ ಪೀಪಾಯಿಗಳ ಒಳಗಿಳಿದು ಮೆರುಗೆಣ್ಣೆ ಬಳಿಯುವ ಕೂಲಿಕಾರರು ಒಂದು ತೊಟ್ಟನ್ನೂ ಕುಡಿಯದೆ ಕುರುಡರಾದರು. ಸುಶ್ರುತನು ಹೇಳಿದ ವಿಷಬಾಷ್ಪದ ವಿಚಾರವು ಇಲ್ಲಿ ಸ್ಮರಣೀಯ.

ಈ ರೋಗದ ಕ್ರಮವು ಆಗಲೇ ಸ್ಪಷ್ಟವಾಗಿ ವರ್ಣಿತವಾಯಿತು. ಕುಡಿದ ಕೂಡಲೆ ಸಾಮಾನ್ಯವಾದ ಅಮಲಿಗಿಂತ ಹೆಚ್ಚೇನೂ ತೋರುವುದಿಲ್ಲ. ಬಹುಮಂದಿ ನಿದ್ದೆಹೋಗಿ ಎದ್ದು ತಮ್ಮ ಕೆಲಸಕ್ಕೂ ಹೋಗುವರು. ಸುಮಾರು ೧೨ರಿಂದ ೨೪ ಗಂಟೆಗಳು ಕಳೆದ ಬಳಿಕ ಹೊಟ್ಟೆನೋವು, ವಾಂತಿ, ಏದುಸಿರು ಆರಂಭವಾಗಿ, ಕಣ್ಣಿನ ಮುಂದೆ ಬಿಳಿಯ ಮಂಜು ಕವಿದಂತಾಗುವುದು. ಪಾಪೆಗಳು ಅಗಲವಾಗಿ, ಬೆಳಕನ್ನು ಹಿಡಿದರೂ ಕಿರಿದಾಗುವುದಿಲ್ಲ. ಕೆಲವರಿಗೆ ನೋಟವು ಮತ್ತೆ ತಿಳಿಯಾಗಿ, ಕೆಲವು ದಿನಗಳ ಅನಂತರ ಎರಡನೆಯ ಸಲ ಶಾಶ್ವತವಾಗಿ ಮರೆಯಾಗುವುದು. ಆಮೇಲೆ ಯಂತ್ರದಿಂದ ಕಣ್ಣಿನ ಒಳಗನ್ನು ನೋಡಿದರೆ ದೃಷ್ಟಿನಾಡಿಯ ತುದಿಯು ಬಿಳಿಚಿಕೊಂಡು ಒಣಗಿರುವುದು ಕಾಣುವುದು. ಸುಮಾರು ೧೦ ಮಿಲಿಲೀಟರಿನಷ್ಟು ಅಲ್ಪಪ್ರಮಾಣವೂ ಅಂಧತ್ವಕ್ಕೆ ಸಾಕಾಗಬಹುದು.

೪. ಪೂರ್ವಪಕ್ಷ

ವಿಷವು ಈ ದ್ರವವೇ ಎಂದು ಇಷ್ಟರಿಂದ ಸಿದ್ಧವಾಯಿತೆಂದು ತೋರಬಹುದು. ಆದರೆ ಎದುರುವಾದವು ಪ್ರಬಲವಾಗಿಯೇ ಇದ್ದಿತು. ಕಟ್ಟಿಗೆಯ ಹೊಗೆಯಿಂದ ಬರುವ ದ್ರವದಲ್ಲಿ ಅಸಿಟೋನ್ ಮೊದಲಾದ ಅನೇಕ ಮಲಿನವಸ್ತುಗಳಿರುವುವು; ವಿಷವು ಅವುಗಳದು, ಶುದ್ಧವಾದ ಸಾರವು ನಿರ್ದೋಷವೆಂದು ಹಲವರ ಮತವಾಗಿದ್ದಿತು. ಈ ಮತಕ್ಕೆ ಪ್ರಯೋಗದ ಬೆಂಬಲವೂ ಇದ್ದಂತೆ ತೋರಿತು. ಇಲಿ, ಮೊಲ, ನಾಯಿ ಇವುಗಳಿಗೆ ಈ ಸಾರವನ್ನು ಒಂದು ಸಲ ಕುಡಿಸಿದರೆ ಸಾಮಾನ್ಯ ಮದ್ಯಸಾರದಿಂದ ಆಗುವುದಕ್ಕಿಂತ ಕಡಮೆಯ ಬಾಧೆಯೇ ಆಗುತ್ತಿದ್ದಿತು. ಮನುಷ್ಯನಲ್ಲಿ ಕಾಣುವಂಥ ಅಂಧತ್ವವು ಅವುಗಳಲ್ಲಿ ಕಾಣಲಿಲ್ಲ. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ, ಹೇತುವಿದ್ದೂ ಸಾಧ್ಯವು ಇಲ್ಲದಿರುವ ವ್ಯಭಿಚಾರವು ಇಲ್ಲಿ ಪ್ರಾಪ್ತವಾಯಿತು.

ಈ ಪೂರ್ವಪಕ್ಷವನ್ನು ಸಡಿಲಿಸುವ ಎರಡು ಸಂಗತಿಗಳು ಆಗಲೇ ದೊರೆತಿದ್ದುವು. ಜೂಲಿಯಸ್ ಪೋಲ್ ಎಂಬ ವಿದ್ವಾಂಸನು ೧೮೯೩ರಲ್ಲಿ, ಈ ಸಾರವನ್ನು ಕುಡಿದ ನಾಯಿಗಳ ಮೂತ್ರದಲ್ಲಿ ಫಾರ್ಮಿಕ್ ಆಮ್ಲವು ಹೊರಬರುವುದನ್ನು ತೋರಿಸಿದ್ದನು. ಇರುವೆಗಳ ದೇಹದಲ್ಲಿರುವ ಹುಳಿಯೇ ಈ ಆಮ್ಲ. ಅಮೆರಿಕಾದ ರೀಡ್ ಹಂಟನು ೧೯೦೨ರಲ್ಲಿ, ಒಂದು ಸಲಕ್ಕೆ ಕಡಮೆ ಬಾಧಕವಾಗಿ ತೋರುವ ಈ ದ್ರವವು ಮತ್ತೆ ಮತ್ತೆ ಕೊಟ್ಟರೆ ಸಾಮಾನ್ಯ ಮದ್ಯಸಾರಕ್ಕಿಂತ ಬಹಳ ಘೋರವಾಗುವುದೆಂದು ಪ್ರಯೋಗದಿಂದ ತಿಳಿಸಿದನು. ದೇಹದಿಂದ ಬೇಗನೆ ಹೊರಹೋಗದೆ ಒಳಗೆ ನಿಂತು ಬೇರೊಂದು ವಸ್ತುವಾಗಿ ಪರಿಣಮಿಸುವುದೇ ಇದರ ಸ್ವಭಾವವೆಂದು ಇವೆರಡರಿಂದ ಊಹಿಸಬಹುದಾಗಿದ್ದಿತು. ಆದರೆ ಆ ಊಹೆಯನ್ನು ಕೊನೆಯವರೆಗೆ ನಡೆಸುವವರು ಆಗ ದೊರೆಯಲಿಲ್ಲ.

೫. ಬರ್ಲಿನ್ ಮತ್ತು ನ್ಯೂಯಾರ್ಕ್

೧೯೧೧ರ ಡಿಸೆಂಬರಿನಲ್ಲಿ, ಕ್ರಿಸ್ತಜಯಂತಿಯ ಸಮಯದಲ್ಲಿ, ಬರ್ಲಿನ್ ನಗರದ ಅನಾಥಾಶ್ರಯದಲ್ಲಿ ತಂಗಿದ್ದ ನಿರ್ಗತಿಕರು ಒಬ್ಬರಾದ ಮೇಲೊಬ್ಬರು ಸತ್ತರು. ಮೊದಲು ಇದು ಕೆಟ್ಟ ಆಹಾರದ ನಂಜೆಂದು ಭಾವಿಸಲಾಯಿತು. ಬಳಿಕ, ಅಗ್ಗವಾಗಿ ಮಾರಿದ ಮದ್ಯದಲ್ಲಿ ಮೀಥೈಲ್ ಸಾರವು ಬೆರೆತಿದ್ದುದು ಹೊರಬಿದ್ದಿತು. ಮಡಿದವರು ೭೦ಕ್ಕೂ ಹೆಚ್ಚು ಮಂದಿ. ಶುದ್ಧವಾದ ಸಾರವು ನಿರ್ದೋಷವೆಂಬ ಮತಕ್ಕೆ ಇಂಥ ಸಂಗತಿಗಳಿಂದ ಬಲವಾದ ಪೆಟ್ಟು ಬಿದ್ದಿತು.

೧೯೨೦ರ ಜನವರಿಯಿಂದ ೧೯೩೩ರ ಡಿಸೆಂಬರಿನವರೆಗೆ ಅಮೆರಿಕಾದಲ್ಲಿ ಪಾನನಿರೋಧವು ಜಾರಿಯಲ್ಲಿದ್ದಿತು. ಉದ್ಯಮಗಳಿಗೆಂದು ಕೊಟ್ಟ ಮದ್ಯಸಾರವನ್ನು ಕಳ್ಳವ್ಯಾಪಾರಿಗಳು ಕದ್ದು, ಶೋಧಿಸಿ, ಮಾರತೊಡಗಿದರು. ಇದನ್ನು ತಡೆಯಲೆಂದು ೧೯೨೬ರ ಕೊನೆಯಲ್ಲಿ ಸರ್ಕಾರವು ಆ ಸಾರದಲ್ಲಿ ಮೀಥೈಲಿನ ಪ್ರಮಾಣವನ್ನು ಹೆಚ್ಚಿಸಿತು. ನ್ಯೂಯಾರ್ಕ್ ನಗರದ ಮುಖ್ಯ ಶವಪರೀಕ್ಷಕನಾದ ಚಾರ್ಲ್ಸ್ ನಾರಿಸ್ ಎಂಬ ವೈದ್ಯನು ಇದನ್ನು ಬಹಿರಂಗವಾಗಿ ಖಂಡಿಸಿ, ಕುಡಿಯುವರೆಂದು ತಿಳಿದೂ ವಿಷವನ್ನು ಬೆರೆಸುವ ಸರ್ಕಾರವು ಆ ಮರಣಗಳಿಗೆ ನೈತಿಕವಾಗಿ ಹೊಣೆಯೆಂದು ವಾದಿಸಿದನು. ಅವನ ಸಹೋದ್ಯೋಗಿಯಾದ ಅಲೆಕ್ಸಾಂಡರ್ ಗೆಟ್ಲರನು ಶವಗಳ ಅಂಗಾಂಶಗಳಲ್ಲಿ ಈ ವಿಷವನ್ನು ಗುರುತಿಸುವ ವಿಧಾನಗಳನ್ನು ಪರಿಶೋಧಿಸಿ ೧೯೨೦ರಲ್ಲಿಯೇ ಪ್ರಕಟಿಸಿದ್ದನು. ಧನಿಕರು ಒಳ್ಳೆಯ ಮದ್ಯವನ್ನು ಕೊಳ್ಳಬಲ್ಲರು, ಕೆಟ್ಟದ್ದನ್ನು ಕುಡಿದು ಸಾಯುವವರು ಬಡವರೆಂದು ನಾರಿಸನು ತೋರಿಸಿದ ಸಂಗತಿಯು ಈ ಚರಿತ್ರೆಯಲ್ಲಿ ಮುಂದೆಯೂ ಉದ್ದಕ್ಕೂ ಕಾಣಬರುತ್ತದೆ.

ಇದರ ನಡುವೆ ೧೯೨೩ರಲ್ಲಿ ಜರ್ಮನಿಯ ಲೊಯ್ನಾ ಎಂಬಲ್ಲಿ ಬಿಎಎಸ್ಎಫ್ ಸಂಸ್ಥೆಯವರು, ಇಂಗಾಲದ ಮೊನಾಕ್ಸೈಡ್ ಮತ್ತು ಜಲಜನಕ ಎಂಬ ವಾಯುಗಳನ್ನು ಅಧಿಕವಾದ ಒತ್ತಡದಲ್ಲಿ ಕೂಡಿಸಿ ಈ ಸಾರವನ್ನು ರಾಶಿರಾಶಿಯಾಗಿ ತಯಾರಿಸತೊಡಗಿದರು. ಅಲ್ಲಿಂದ ಮುಂದೆ ಕಾಷ್ಠಸಾರಕ್ಕೆ ಕಾಷ್ಠದ ಅಗತ್ಯವೇ ಇಲ್ಲದಾಯಿತು. ಮಲಿನವಸ್ತುಗಳಿಲ್ಲದ ಈ ಕೃತಕಸಾರವೂ ಕುಡಿದವರನ್ನು ಮೊದಲಿನಂತೆಯೇ ಕುರುಡಾಗಿಸಿದುದರಿಂದ ಪೂರ್ವಪಕ್ಷವು ನಿಶ್ಶೇಷವಾಗಿ ಬಿದ್ದುಹೋಯಿತು.

೬. ಸಿದ್ಧಾಂತ

ಹಾಗಾದರೆ ನಾಯಿ, ಮೊಲಗಳು ಕುರುಡಾಗದಿರಲು ಕಾರಣವೇನು? ಕುಡಿದ ಒಡನೆ ಆಗದ ಬಾಧೆಯು ಒಂದು ದಿನ ಕಳೆದ ಮೇಲೆ ಆಗುವುದೇತಕ್ಕೆ? ಈ ಎರಡು ಪ್ರಶ್ನೆಗಳಿಗೂ ಉತ್ತರವು ಒಂದೇ ಎಂಬುದು ಕ್ರಮವಾಗಿ ತಿಳಿದುಬಂದಿತು.

೧೯೨೦ರಲ್ಲಿ ಹ್ಯಾರಪ್ ಮತ್ತು ಬೆನಿಡಿಕ್ಟ್ ಎಂಬವರು ಇಂಥ ರೋಗಿಯ ರಕ್ತದಲ್ಲಿ ಆಮ್ಲತ್ವವು ವಿಶೇಷವಾಗಿ ಹೆಚ್ಚುವುದನ್ನು ಗುರುತಿಸಿದರು. ನಾರ್ವೆ ದೇಶದ ಓಲುಫ್ ರೋ ಎಂಬ ವೈದ್ಯನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅನೇಕ ರೋಗಿಗಳನ್ನು ಪರೀಕ್ಷಿಸಿ ೧೯೪೩ರಲ್ಲಿಯೂ ೧೯೪೬ರಲ್ಲಿಯೂ ವಿಸ್ತಾರವಾದ ಪ್ರಬಂಧಗಳನ್ನು ಬರೆದನು. ಆಮ್ಲತ್ವವನ್ನು ಕ್ಷಾರದಿಂದ ತಗ್ಗಿಸಿದರೆ ಪ್ರಾಣವೂ ದೃಷ್ಟಿಯೂ ಉಳಿಯಬಹುದೆಂಬುದು ಆತನ ಮೊದಲನೆಯ ನಿರ್ಣಯ. ಮೀಥೈಲಿನೊಡನೆ ಸಾಮಾನ್ಯ ಮದ್ಯಸಾರವನ್ನೂ ಕುಡಿದವರಲ್ಲಿ ವಿಷದ ವೇಗವು ತಡವಾಗಿಯೂ ಮಂದವಾಗಿಯೂ ಇರುವುದೆಂಬುದು ಎರಡನೆಯದು. ೧೯೫೧ರ ಅಕ್ಟೋಬರಿನಲ್ಲಿ ಅಮೆರಿಕಾದ ಅಟ್ಲಾಂಟಾ ನಗರದಲ್ಲಿ ಕಳ್ಳಮದ್ಯವನ್ನು ಕುಡಿದ ೩೨೩ ಮಂದಿ ಐದು ದಿನಗಳ ಒಳಗೆ ವಿಷಪೀಡಿತರಾದರು. ಬಹುಮಂದಿ ಆಫ್ರಿಕಾ ಮೂಲದ ಬಡವರು. ಅವರಲ್ಲಿ ೪೧ ಮಂದಿ ಮಡಿದರು. ಅಲ್ಲಿನ ವೈದ್ಯರು ೧೯೫೩ರಲ್ಲಿ ಪ್ರಕಟಿಸಿದ ವರದಿಯು ಈ ರೋಗದ ವಿಷಯದಲ್ಲಿ ಇಂದಿಗೂ ಆಕರಪ್ರಾಯವಾಗಿದೆ.

ಪ್ರಾಣಿಗಳ ವಿಚಾರದಲ್ಲಿದ್ದ ತೊಡಕನ್ನು ಬಿಡಿಸುವ ಕಾರ್ಯವು ಗಿಲ್ಗರ್ ಮತ್ತು ಪಾಟ್ಸ್ ಎಂಬವರಿಂದ ಆರಂಭವಾಯಿತು. ಕೋತಿಗಳಲ್ಲಿ ಮನುಷ್ಯನಲ್ಲಿ ಆಗುವಂತೆಯೇ ಆಮ್ಲತ್ವವೂ ನೇತ್ರವಿಕಾರವೂ ಉಂಟಾಗುವುವೆಂದು ಅವರು ೧೯೫೫ರಲ್ಲಿ ತೋರಿಸಿದರು. ಕಾರಣವು ಹೀಗೆ. ಯಕೃತ್ತಿನಲ್ಲಿರುವ ಒಂದು ಕಿಣ್ವವು ಈ ಸಾರವನ್ನು ಫಾರ್ಮಾಲ್ಡಿಹೈಡ್ ಎಂಬ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಅದು ಕ್ಷಣಮಾತ್ರದಲ್ಲಿ ಫಾರ್ಮಿಕ್ ಆಮ್ಲವಾಗುತ್ತದೆ. ಆ ಆಮ್ಲವನ್ನು ನಾಶಮಾಡುವ ಕಾರ್ಯಕ್ಕೆ ಫೋಲೇಟ್ ಎಂಬ ಜೀವಸತ್ತ್ವವು ಬೇಕು. ಇಲಿಯ ಯಕೃತ್ತಿನಲ್ಲಿ ಇದರ ಸಾಮರ್ಥ್ಯವು ಹೆಚ್ಚು. ಮನುಷ್ಯನಲ್ಲಿಯೂ ಕೋತಿಯಲ್ಲಿಯೂ ಕಡಮೆ. ಆದಕಾರಣ ಇಲಿಯಲ್ಲಿ ಆಮ್ಲವು ನಿಲ್ಲುವುದಿಲ್ಲ. ಮನುಷ್ಯನಲ್ಲಿ ಗಂಟೆಗಂಟೆಗೂ ಶೇಖರವಾಗುತ್ತದೆ. ಇಲಿಗಳಲ್ಲಿ ಫೋಲೇಟಿನ ಕಾರ್ಯವನ್ನು ಕೆಡಿಸಿದರೆ ಅವುಗಳಲ್ಲಿಯೂ ಆಮ್ಲವು ಶೇಖರವಾಗುವುದೆಂದು ೧೯೮೧ರಲ್ಲಿ ಸಿದ್ಧವಾದ ಮೇಲೆ, ಹಿಂದೆ ಹೇಳಿದ ವ್ಯಭಿಚಾರವು ಪೂರ್ಣವಾಗಿ ಪರಿಹಾರವಾಯಿತು.

ಕಣ್ಣನ್ನು ಕೆಡಿಸುವುದು ರಕ್ತದ ಆಮ್ಲತ್ವವೆ, ಫಾರ್ಮಾಲ್ಡಿಹೈಡೆ, ಫಾರ್ಮಿಕ್ ಆಮ್ಲದಿಂದಾದ ಫಾರ್ಮೇಟೆ ಎಂಬ ಸಂಶಯವು ಮಾತ್ರ ಉಳಿಯಿತು. ಇದನ್ನು ೧೯೭೫ರಿಂದ ೧೯೭೯ರವರೆಗೆ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಟೆಫ್ಲಿ, ಮೆಕ್‌ಮಾರ್ಟಿನ್, ಮಾರ್ಟಿನ್ ಅಮಾಟ್ ಮೊದಲಾದವರು ನಿರ್ಣಯಿಸಿದರು. ಪಂಜಾಬಿನಲ್ಲಿ ಜನಿಸಿದ ಪ್ರಸಿದ್ಧ ನೇತ್ರಶಾಸ್ತ್ರಜ್ಞ ಸೋಹನ್ ಸಿಂಗ್ ಹೇರೆಹ್ ಅವರೂ ಈ ಸಂಶೋಧನೆಯಲ್ಲಿ ಭಾಗಿಗಳಾಗಿದ್ದರು. ಅವರ ಪ್ರಯೋಗಗಳು ಅನ್ವಯವ್ಯತಿರೇಕಗಳಿಗೆ ಒಳ್ಳೆಯ ನಿದರ್ಶನಗಳು. ಯಕೃತ್ತಿನ ಕಿಣ್ವವನ್ನು ತಡೆಯುವ ಔಷಧವನ್ನು ಕೊಟ್ಟಾಗ, ಮೀಥೈಲ್ ಸಾರವು ಕೋತಿಯ ದೇಹದಲ್ಲಿದ್ದರೂ ಆಮ್ಲತ್ವವು ಉಂಟಾಗಲಿಲ್ಲ, ಇದು ವ್ಯತಿರೇಕ. ಮೀಥೈಲ್ ಸಾರವನ್ನು ಕೊಡದೆ, ರಕ್ತದ ಆಮ್ಲತ್ವವೂ ಹೆಚ್ಚದಂತೆ ನೋಡಿಕೊಂಡು, ಫಾರ್ಮೇಟನ್ನು ಮಾತ್ರವೇ ರಕ್ತನಾಳದಲ್ಲಿ ಹರಿಸಿದಾಗ, ದೃಷ್ಟಿನಾಡಿಯ ತುದಿಯು ಊದಿಕೊಂಡಿತು, ಇದು ಅನ್ವಯ. ಫಾರ್ಮಾಲ್ಡಿಹೈಡ್ ರಕ್ತದಲ್ಲಿ ಕಾಣಬರಲೇ ಇಲ್ಲ. ಜೀವಕೋಶಗಳು ಆಮ್ಲಜನಕವನ್ನು ಉಪಯೋಗಿಸಿ ಶಕ್ತಿಯನ್ನು ಪಡೆಯುವ ಕ್ರಿಯೆಯ ಕೊನೆಯ ಕಿಣ್ವವನ್ನು ಫಾರ್ಮೇಟು ತಡೆಯುವುದೆಂದು ನಿಕೊಲ್ಸ್ ಎಂಬಾತನು ೧೯೭೫ರಲ್ಲಿ ತೋರಿಸಿದ್ದನು. ಶಕ್ತಿಯನ್ನು ಅತಿಯಾಗಿ ಬೇಡುವ ಅಕ್ಷಿಪಟಲವೂ ದೃಷ್ಟಿನಾಡಿಯೂ ಆ ತಡೆಗೆ ಮೊದಲು ಬಲಿಯಾಗುವುವು. ಕುಡಿದ ದ್ರವವು ವಿಷದ ಬೀಜಮಾತ್ರ, ವಿಷವನ್ನು ಪಾಕಮಾಡುವುದು ಕುಡಿದವನ ಯಕೃತ್ತೇ ಎಂಬುದು ಹೀಗೆ ಸಿದ್ಧಾಂತವಾಯಿತು.

೭. ಚಿಕಿತ್ಸೆ

ಈ ಸಿದ್ಧಾಂತದಿಂದ ಚಿಕಿತ್ಸೆಯ ಯುಕ್ತಿಯೂ ತಿಳಿಯಿತು. ಸಾಮಾನ್ಯ ಮದ್ಯಸಾರಕ್ಕೆ ಆ ಕಿಣ್ವದಲ್ಲಿ ಮೀಥೈಲಿಗಿಂತ ಹೆಚ್ಚಿನ ಸಂಸಕ್ತಿಯಿರುವುದರಿಂದ, ಅದನ್ನು ವೈದ್ಯರ ಅಳತೆಯಲ್ಲಿ ಕೊಟ್ಟರೆ ಕಿಣ್ವವು ಅದರಲ್ಲಿಯೇ ತೊಡಗಿ, ಮೀಥೈಲು ಮಾರ್ಪಡದೆ ನಿಧಾನವಾಗಿ ಹೊರಟುಹೋಗುವುದು. ರೋ ವೈದ್ಯನು ರೋಗಿಗಳಲ್ಲಿ ಕಂಡುದಕ್ಕೆ ಕಾರಣವು ಇದೇ. ಇದರೊಡನೆ ಕ್ಷಾರ, ಫೋಲೇಟ್ ಇವುಗಳ ಪ್ರಯೋಗವೂ, ಯಂತ್ರದಿಂದ ರಕ್ತವನ್ನು ಶೋಧಿಸುವ ಡಯಾಲಿಸಿಸ್ ಕ್ರಮವೂ ರೂಢಿಗೆ ಬಂದಿವೆ. ಕೋತಿಗಳಲ್ಲಿ ಪರೀಕ್ಷಿಸಿದ ಕಿಣ್ವನಿರೋಧಕವೇ ಫೋಮೆಪಿಜೋಲ್ ಎಂಬ ಹೆಸರಿನಿಂದ ೨೦೦೦ದಲ್ಲಿ ಅಮೆರಿಕಾದಲ್ಲಿ ಈ ವಿಷಕ್ಕೆ ಔಷಧವಾಗಿ ಅಂಗೀಕೃತವಾಯಿತು; ೨೦೧೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆವಶ್ಯಕ ಔಷಧಗಳ ಪಟ್ಟಿಯಲ್ಲಿ ಸೇರಿತು. ಇದರ ಬೆಲೆಯು ಹೆಚ್ಚು. ಆದರೆ ಸಾಮಾನ್ಯ ಮದ್ಯಸಾರವೂ ಕ್ಷಾರವೂ ದುರ್ಲಭವಾದ ವಸ್ತುಗಳಲ್ಲ. ದುರ್ಲಭವಾದುದು ಕಾಲ. ದೃಷ್ಟಿನಾಡಿಯು ಒಣಗಿದ ಮೇಲೆ ಯಾವ ಔಷಧವೂ ನೋಟವನ್ನು ಹಿಂದಿರುಗಿಸಲಾರದು.

೮. ಕರ್ಣಾಟಕ ಮತ್ತು ನೆರೆನಾಡುಗಳು

ಜರ್ಮನಿಯಲ್ಲಿ ಕೃತಕಸಾರವು ತಯಾರಾದ ೧೯೨೩ರಲ್ಲಿಯೇ ಮೈಸೂರು ಸಂಸ್ಥಾನದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯು ಕೆಲಸವನ್ನಾರಂಭಿಸಿತು. ಅಲ್ಲಿನ ಕುಲುಮೆಗೆ ಬೇಕಾದ ಇದ್ದಿಲನ್ನು ಮಲೆನಾಡಿನ ಕಟ್ಟಿಗೆಯನ್ನು ಭಟ್ಟಿಯಿಳಿಸಿ ಪಡೆಯುತ್ತಿದ್ದರು. ಉಪೋತ್ಪನ್ನಗಳಾಗಿ ಕೀಲೆಣ್ಣೆ, ಕ್ಯಾಲ್ಸಿಯಮ್ ಅಸಿಟೇಟ್, ಮೀಥೈಲ್ ಸಾರ ಇವು ದೊರೆಯುತ್ತಿದ್ದುವು. ಹೀಗೆ ಈ ದ್ರವವು ಕನ್ನಡನಾಡಿಗೆ ಉದ್ಯಮದ ವಸ್ತುವಾಗಿ ಪರಿಚಿತವಾಯಿತು.

ವಿಷವಾಗಿ ಆದ ಪರಿಚಯವು ಕ್ರೂರವಾದುದು. ೧೯೮೧ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಬೆರೆತ ಮದ್ಯವನ್ನು ಕುಡಿದು ೩೦೦ಕ್ಕೂ ಹೆಚ್ಚು ಮಂದಿ ಮರಣಹೊಂದಿದರು. ೧೯೮೨ರ ಓಣಂ ಹಬ್ಬದ ಸಮಯದಲ್ಲಿ ಕೇರಳದ ವೈಪಿನ್ ದ್ವೀಪದಲ್ಲಿ ೭೭ ಮಂದಿ ಸತ್ತರು, ೬೩ ಮಂದಿ ಕಣ್ಣು ಕಳೆದುಕೊಂಡರು. ಕರ್ಣಾಟಕದಲ್ಲಿ ಸಾರಾಯಿಯ ಮಾರಾಟವು ೨೦೦೭ರ ಜುಲೈ ೧ರಿಂದ ನಿಷಿದ್ಧವಾಯಿತು. ಮರುವರ್ಷದ ಮೇ ತಿಂಗಳಿನಲ್ಲಿ ಬೆಂಗಳೂರು, ಕೋಲಾರ, ತಮಿಳುನಾಡಿನ ಕೃಷ್ಣಗಿರಿ ಈ ಸೀಮೆಗಳಲ್ಲಿ ಕಳ್ಳಮದ್ಯದಿಂದ ೧೫೦ಕ್ಕೂ ಹೆಚ್ಚು ಮಂದಿ ಮಡಿದರು. ೨೦೦೯ರಲ್ಲಿ ಗುಜರಾತಿನಲ್ಲಿಯೂ, ೨೦೧೧ರಲ್ಲಿ ಬಂಗಾಳದಲ್ಲಿಯೂ, ೨೦೨೪ರ ಜೂನ್ ತಿಂಗಳಿನಲ್ಲಿ ತಮಿಳುನಾಡಿನ ಕಳ್ಳಕುರ್ಚಿಯಲ್ಲಿಯೂ ಇದೇ ಅನರ್ಥವು ನಡೆಯಿತು. ೨೦೨೦ರಲ್ಲಿ ಇರಾನ್ ದೇಶದಲ್ಲಿ, ಮದ್ಯವು ಕೊರೋನಾ ರೋಗಕ್ಕೆ ಮದ್ದೆಂಬ ವದಂತಿಯನ್ನು ನಂಬಿ ನೂರಾರು ಜನರು ಈ ಸಾರವನ್ನು ಕುಡಿದು ಸತ್ತರು.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕಾಗಿದೆ. ನಾಡಮದ್ಯವನ್ನು ಕಾಯಿಸುವಾಗ ಏನೋ ತಪ್ಪಿ ಅದು ವಿಷವಾಗುವುದೆಂದು ಜನರು ಹೇಳುವುದುಂಟು. ಬೆಲ್ಲ, ಧಾನ್ಯ, ಹಣ್ಣು ಇವುಗಳನ್ನು ಕೊಳೆಸಿ ಇಳಿಸುವುದರಿಂದ ಉಂಟಾಗುವ ಮೀಥೈಲು ಅತ್ಯಲ್ಪ; ನೂರಾರು ಜನರನ್ನು ಕೊಲ್ಲುವಷ್ಟು ಅದರಿಂದ ಹುಟ್ಟುವುದಿಲ್ಲ. ಮೇಲ್ಕಂಡಂಥ ಸಾಮೂಹಿಕ ವಿಪತ್ತುಗಳಲ್ಲಿ ಉದ್ಯಮಕ್ಕೆಂದು ತಯಾರಾದ ಸಾರವು ಲಾಭಕ್ಕಾಗಿ ಮದ್ಯದ ಪಾತ್ರೆಯನ್ನು ಸೇರಿರುತ್ತದೆ. ಆದುದರಿಂದ ಇವುಗಳನ್ನು ಪಾನದೋಷದ ಫಲವೆಂದು ಹೇಳಿ ಸುಮ್ಮನಾಗುವುದು ನ್ಯಾಯವಲ್ಲ. ಕುಡಿದವನು ಕೊಂಡುದು ಮದ್ಯವನ್ನು, ಅವನಿಗೆ ಮಾರಿದುದು ಬೇರೊಂದನ್ನು.

೯. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧವಾಗುವ ಅಂಶಗಳು ಮೂರು. ಮೀಥೈಲ್ ಸಾರದಿಂದಾಗುವ ಅಂಧತ್ವಕ್ಕೆ ಸಾಕ್ಷಾತ್ಕಾರಣವು ದೇಹದಲ್ಲಿ ಹುಟ್ಟುವ ಫಾರ್ಮೇಟು ಎಂಬುದು ಮೊದಲನೆಯದು. ಬೇರೆ ಪ್ರಾಣಿಗಳ ಸಾಕ್ಷ್ಯವನ್ನು ಮನುಷ್ಯನಿಗೆ ವಿಮರ್ಶೆಯಿಲ್ಲದೆ ಅನ್ವಯಿಸಿದುದೂ, ಕುರುಡಾದವರು ಬಡವರಾಗಿದ್ದುದೂ ಈ ನಿರ್ಣಯವು ತಡವಾದುದಕ್ಕೆ ಮುಖ್ಯವಾದ ಕಾರಣಗಳೆಂಬುದು ಎರಡನೆಯದು. ಪಾನಕ್ಕೂ ದೃಷ್ಟಿನಾಶಕ್ಕೂ ನಡುವೆ ಹಲವು ಗಂಟೆಗಳ ಅವಕಾಶವಿದ್ದು, ಆ ಅವಧಿಯಲ್ಲಿ ಚಿಕಿತ್ಸೆಯು ಸಫಲವಾಗಬಲ್ಲುದೆಂಬುದು ಮೂರನೆಯದು.

ಒಂದು ಊರಿನಲ್ಲಿ ಒಬ್ಬನಿಗೆ ಕಣ್ಣು ಮಂಜಾದ ದಿನ, ಅದೇ ಪಾತ್ರೆಯಿಂದ ಕುಡಿದ ಉಳಿದವರು ಇನ್ನೂ ಆರೋಗ್ಯವಂತರಂತೆ ಓಡಾಡುತ್ತಿರುವರು. ಅವರನ್ನು ಆಗಲೇ ಹುಡುಕಿ ಆಸ್ಪತ್ರೆಗೆ ಸೇರಿಸಿದರೆ ಬಹುಮಂದಿಯ ಕಣ್ಣು ಉಳಿಯುವುದು. ಆದರೆ ಶಿಕ್ಷೆಗೂ ನಿಂದೆಗೂ ಹೆದರಿ ಕುಡಿದವರು ಅಡಗಿಕೊಳ್ಳುವರು, ಹುಡುಕಬೇಕಾದವರು ತಡಮಾಡುವರು. ಇಂಥ ವಿಪತ್ತುಗಳ ವರದಿಗಳಲ್ಲಿ ಸತ್ತವರ ಸಂಖ್ಯೆಯು ಸಿಗುತ್ತದೆ, ಕುರುಡಾಗಿ ಉಳಿದವರ ಸಂಖ್ಯೆಯು ಬಹುಮಟ್ಟಿಗೆ ಸಿಗುವುದಿಲ್ಲ. ವುಡ್ ಮತ್ತು ಬುಲ್ಲರ್ ಎಂಬವರು ೧೯೦೪ರಲ್ಲಿ ಮಾಡಿದಂತೆ ಅವರನ್ನೂ ಒಬ್ಬೊಬ್ಬರನ್ನಾಗಿ ಎಣಿಸಿ ಬರೆದಿಡುವ ಕಾರ್ಯವು ಈ ನಾಡಿನಲ್ಲಿ ನಡೆಯಬೇಕಾಗಿದೆ.